ಗುಜರಿಯವರನ್ನು ಬಿಟ್ಟು ಇ-ತ್ಯಾಜ್ಯದ ಲೆಕ್ಕ ಸರಿಹೋಗದು

ಮಿಕ್ಸಿ ಸುಟ್ಟುಹೋದರೆ ನಾವು ಯಾರೂ ಅದನ್ನು ಕಸದ ಗಾಡಿಗೆ ಹಾಕುವುದಿಲ್ಲ. ರಿಪೇರಿಯವರು ನೋಡಿ "ಕಾಯಿಲ್ ಹೋಗಿದೆ, ಹೊಸದೇ ತಗೊಳ್ಳಿ" ಅಂದ ಮೇಲೂ ಅದು ಸಜ್ಜೆಯ ಮೇಲೆ ಕೂರುತ್ತದೆ. ಎರಡು ಮೂರು ವರ್ಷ ಅಲ್ಲೇ ಇರುತ್ತದೆ. ಆಯುಧ ಪೂಜೆಗೋ ಯುಗಾದಿಗೋ ಮನೆ ಕ್ಲೀನ್ ಮಾಡುವಾಗ ಕೆಳಗಿಳಿಯುತ್ತದೆ. ಗುಜರಿಯವರು ಬೀದಿಗೆ ಬಂದಾಗ ತಕ್ಕಡಿ ಏರುತ್ತದೆ. ಒಳಗೆ ತಾಮ್ರ ಇದೆ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಅದಕ್ಕೇ ಇನ್ನು ಇಪ್ಪತ್ತು ರೂಪಾಯಿ ಜಾಸ್ತಿ ಕೊಡಿ ಎಂದು ಚೌಕಾಸಿ ನಡೆಯುತ್ತದೆ.

ಇ-ತ್ಯಾಜ್ಯದ ಬಗ್ಗೆ ಬರುವ ನಿಯಮಗಳು, ಜಾಗೃತಿ ಅಭಿಯಾನಗಳು, ಕಾಲೇಜುಗಳ ಭಾಷಣಗಳು ಬಹುಮಟ್ಟಿಗೆ ಈ ಚೌಕಾಸಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಜನರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ಸರಿಯಾದ ಜಾಗಕ್ಕೆ ಕೊಡುತ್ತಿಲ್ಲ ಎಂದು ಮಾತು ಮುಗಿಸುತ್ತವೆ. ನನಗೆ ಹಾಗನ್ನಿಸುವುದಿಲ್ಲ. ಭಾರತದಲ್ಲಾಗಲಿ, ಘಾನಾದಲ್ಲಾಗಲಿ, ನೈಜೀರಿಯಾದಲ್ಲಾಗಲಿ ಕೆಟ್ಟುಹೋದ ಎಲೆಕ್ಟ್ರಾನಿಕ್ ವಸ್ತು ಕಸವಲ್ಲ, ಮಾಲು. ಯಾರು ಮನೆ ಬಾಗಿಲಿಗೆ ಬಂದು ದುಡ್ಡು ಕೊಡುತ್ತಾರೋ ಅವರ ಕಡೆಗೆ ಅದು ಹೋಗುತ್ತದೆ. ಇಷ್ಟನ್ನು ಒಪ್ಪಿಕೊಳ್ಳದೆ ಮಾಡಿದ ವ್ಯವಸ್ಥೆ ಇಲ್ಲಿ ನಿಲ್ಲುವುದಿಲ್ಲ. ಕಳೆದ ಹದಿಮೂರು ಹದಿನಾಲ್ಕು ವರ್ಷಗಳಲ್ಲಿ ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳಿಗೆ ಆಗಿರುವುದೂ ಅದೇ.

ಎಷ್ಟಿದೆ ಎನ್ನುವುದೇ ಗೊಂದಲ

ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ 2022ರಲ್ಲಿ ಇಡೀ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹೊರಹಾಕಿತು. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಯಾಯಿತು ಎಂದು ದಾಖಲೆ ಇರುವುದು 22.3% ಮಾತ್ರ. ಹೀಗೇ ಹೋದರೆ 2030ಕ್ಕೆ 8.2 ಕೋಟಿ ಟನ್ ಆಗುತ್ತದೆ. ಯುರೋಪಿನಲ್ಲಿ ಒಬ್ಬೊಬ್ಬರು ವರ್ಷಕ್ಕೆ ಸರಾಸರಿ 17 ಕೆಜಿಗೂ ಜಾಸ್ತಿ ಹೊರಹಾಕುತ್ತಾರೆ, ಆಫ್ರಿಕಾದಲ್ಲಿ ಎರಡೂವರೆ ಕೆಜಿ. ಯುರೋಪಿನಲ್ಲಿ ಅದರ 40%ಗಿಂತ ಜಾಸ್ತಿ ಭಾಗ ದಾಖಲೆಯ ದಾರಿಯಲ್ಲಿ ಹೋಗುತ್ತದೆ. ಆಫ್ರಿಕಾದಲ್ಲಿ 1% ಕೂಡ ಇಲ್ಲ.

ಭಾರತದ ಅಂಕಿ ನೋಡಿದರೆ ತಮಾಷೆಯಲ್ಲ, ಬೇಸರವಾಗುತ್ತದೆ. ವಿಶ್ವಸಂಸ್ಥೆ 2022ಕ್ಕೆ ಹೇಳಿದ್ದು ಸುಮಾರು 41 ಲಕ್ಷ ಟನ್. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021-22ಕ್ಕೆ ಹೇಳಿದ್ದು ಸುಮಾರು 16 ಲಕ್ಷ ಟನ್. ಎರಡರ ನಡುವೆ 25 ಲಕ್ಷ ಟನ್ ವ್ಯತ್ಯಾಸ. ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಆಗಿನ ನಿಯಮದ ಪಟ್ಟಿಯಲ್ಲಿದ್ದದ್ದು 21 ಬಗೆಯ ವಸ್ತುಗಳು. ಕಂಪನಿಗಳು ಇಷ್ಟು ಟಿವಿ, ಇಷ್ಟು ಫ್ರಿಜ್ ಮಾರಿದೆವು ಎಂದು ಕೊಟ್ಟ ಲೆಕ್ಕ ಇಟ್ಟುಕೊಂಡು, ಆ ವಸ್ತು ಸರಾಸರಿ ಎಷ್ಟು ವರ್ಷ ಬಾಳುತ್ತದೆ ಎಂದು ಅಂದಾಜು ಮಾಡಿ, ಮಂಡಳಿ ಆ ಅಂಕಿ ತೆಗೆಯುತ್ತಿತ್ತು. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಫ್ಯಾನು, ಮಕ್ಕಳ ಬ್ಯಾಟರಿ ಆಟಿಕೆ, ಇಯರ್‌ಫೋನ್ ಆ ಪಟ್ಟಿಯಲ್ಲಿ ಇರಲಿಲ್ಲ. ಬ್ರ್ಯಾಂಡ್ ಇಲ್ಲದ ಅಗ್ಗದ ಮಾಲನ್ನಂತೂ ಯಾರೂ ಎಣಿಸಲಿಲ್ಲ. ಅಂದರೆ ಮನೆಗಳಲ್ಲಿ ಜಾಸ್ತಿ ಕೆಡುವ ಸಣ್ಣಪುಟ್ಟ ವಸ್ತುಗಳೇ ಲೆಕ್ಕದಿಂದ ಹೊರಗಿದ್ದವು. 2022ರ ಹೊಸ ನಿಯಮಗಳು ಈ ಪಟ್ಟಿಯನ್ನು 106ಕ್ಕೆ ಏರಿಸಿವೆ. ಇದು ಒಳ್ಳೆಯ ಕೆಲಸ, ತಡವಾಗಿಯಾದರೂ ಆಯಿತು.

ಆ 16 ಲಕ್ಷ ಟನ್‌ನಲ್ಲಿ ಅಧಿಕೃತ ಘಟಕಗಳಿಗೆ ಹೋಗಿದ್ದು ಸುಮಾರು ಮೂರನೇ ಒಂದು ಭಾಗ. ಉಳಿದದ್ದು ಮಾಯವಾಗಿಲ್ಲ. ಗುಜರಿ ಅಂಗಡಿಯ ದಾರಿ ಹಿಡಿದಿದೆ.

ಗುಜರಿ ಅಂಗಡಿಯ ಹಿಂಭಾಗದಲ್ಲಿ

ಈ ದಾರಿಯನ್ನು ಹತ್ತಿರದಿಂದ ನೋಡಬೇಕು. ದೂರದಿಂದ ನೋಡುವವರಿಗೆ ಇದೆಲ್ಲ ಬರೀ ಹೊಗೆ, ಕೊಳಕು ಅನ್ನಿಸುತ್ತದೆ. ಆದರೆ ಇಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಮೊದಲ ಎರಡನ್ನು ನಮ್ಮ ಗುಜರಿಯವರಷ್ಟು ಚೆನ್ನಾಗಿ ಮಾಡುವವರು ಜಗತ್ತಿನಲ್ಲೇ ಕಡಿಮೆ. ಕೆಡುಕು ಇರುವುದು ಮೂರನೆಯದರಲ್ಲಿ.

ಮೊದಲನೆಯದು ಸಂಗ್ರಹ. ತಳ್ಳುಗಾಡಿಯಲ್ಲೋ ಲಗೇಜ್ ಆಟೋದಲ್ಲೋ ಬೀದಿ ಬೀದಿ ಸುತ್ತಿ, ಒಂದೊಂದೇ ಮನೆಯಿಂದ ಒಂದೊಂದೇ ವಸ್ತು ಎತ್ತಿಕೊಂಡು ಬರುವ ಕೆಲಸ. ಯಾವ ದೊಡ್ಡ ಕಂಪನಿಗೂ ಇದು ಕಟ್ಟುವುದಿಲ್ಲ. ಒಂದು ಹಳೇ ಟೇಬಲ್ ಫ್ಯಾನಿಗಾಗಿ ಯಾರು ವ್ಯಾನು ಕಳಿಸುತ್ತಾರೆ ಹೇಳಿ.

ಎರಡನೆಯದು ಬಿಚ್ಚುವುದು. ಹಳೇ ದಪ್ಪ ಟಿವಿಯನ್ನೇ ತಗೊಳ್ಳಿ. ಹಿಂದಿನ ಮುಚ್ಚಳದ ಸ್ಕ್ರೂ ತೆಗೆಯುತ್ತಾರೆ, ಪ್ಲಾಸ್ಟಿಕ್ ಒಂದು ರಾಶಿಗೆ ಹೋಗುತ್ತದೆ. ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ಸುತ್ತಿರುವ ತಾಮ್ರದ ಕಾಯಿಲ್ ಎಳೆದುಕೊಳ್ಳುತ್ತಾರೆ. ಸ್ಪೀಕರಿನ ಅಯಸ್ಕಾಂತ ಒಂದು ಕಡೆ, ವೈರು ಒಂದು ಕಡೆ, ಬೋರ್ಡು ಇನ್ನೊಂದು ಕಡೆ. ಬೋರ್ಡಿನಲ್ಲೂ ಭೇದ ಇದೆ. ಟಿವಿಯ ಕಂದು ಬೋರ್ಡಿಗೆ ಕಡಿಮೆ ಬೆಲೆ, ಕಂಪ್ಯೂಟರಿನ ಹಸಿರು ಬೋರ್ಡಿಗೆ ಜಾಸ್ತಿ, ಮೊಬೈಲ್ ಬೋರ್ಡಿಗೆ ಎಲ್ಲಕ್ಕಿಂತ ಜಾಸ್ತಿ. ಬೆಂಗಳೂರಿನ ಜಾಲಿ ಮೊಹಲ್ಲಾ, ಗೌರಿಪಾಳ್ಯದಂತಹ ಕಡೆ ಈ ವ್ಯಾಪಾರ ಮಾಡುವವರು ಬೋರ್ಡನ್ನು ಕೈಯಲ್ಲಿ ಹಿಡಿದೇ ದರ ಹೇಳುತ್ತಾರೆ. ಪ್ಲಾಸ್ಟಿಕ್ ನಾಯಂಡಹಳ್ಳಿ ಕಡೆ ಹೋಗುತ್ತದೆ. ಇನ್ನೂ ಓಡುವ ಬಿಡಿಭಾಗ ಎಸ್‌ಪಿ ರಸ್ತೆಗೋ ಸಂಡೇ ಬಜಾರಿಗೋ ಹೋಗಿ ಮತ್ತೊಂದು ಯಂತ್ರದಲ್ಲಿ ಬದುಕುತ್ತದೆ.

ಹೀಗೆ ಕೈಯಿಂದ ಬಿಚ್ಚುವುದು ಹಿಂದುಳಿದ ವಿಧಾನ ಎಂದು ಅನೇಕರು ತಿಳಿದಿದ್ದಾರೆ. ವಿಷಯ ಉಲ್ಟಾ ಇದೆ. ಇಡೀ ವಸ್ತುವನ್ನು ದೊಡ್ಡ ಯಂತ್ರಕ್ಕೆ ಹಾಕಿ ಪುಡಿ ಮಾಡಿದರೆ, ಬೋರ್ಡಿನಲ್ಲಿರುವ ಚಿನ್ನ, ಪಲ್ಲಾಡಿಯಂನಂತಹ ಲೋಹಗಳು ಧೂಳಿನಲ್ಲೂ ಬೇರೆ ಲೋಹಗಳ ರಾಶಿಯಲ್ಲೂ ಸೇರಿ ಕಳೆದುಹೋಗುತ್ತವೆ. ಕೈಯಿಂದ ಬಿಚ್ಚಿ ಬೋರ್ಡನ್ನು ಇಡಿಯಾಗಿ ಉಳಿಸಿಕೊಂಡರೆ ಹೆಚ್ಚು ಲೋಹ ಸಿಗುತ್ತದೆ. ಬಡ ದೇಶಗಳಲ್ಲಿ ಕೈಯಿಂದ ಬಿಚ್ಚಿ, ಬೋರ್ಡುಗಳನ್ನು ಮಾತ್ರ ಒಳ್ಳೆಯ ಕುಲುಮೆ ಇರುವ ಕಡೆಗೆ ಕಳಿಸಿ ಎಂದು ಈ ಕ್ಷೇತ್ರದ ತಜ್ಞರು ಬಹಳ ಹಿಂದಿನಿಂದ ಹೇಳುತ್ತಿರುವುದು ಇದಕ್ಕೇ.

ಮೂರನೆಯ ಕೆಲಸ ಲೋಹ ತೆಗೆಯುವುದು. ವಿಷ ಹುಟ್ಟುವುದು ಇಲ್ಲಿ. ತೆಳ್ಳನೆ ವೈರುಗಳ ಪ್ಲಾಸ್ಟಿಕ್ ಸುಲಿಯಲು ಸಮಯ ಹಿಡಿಯುತ್ತದೆ, ಹಾಗಾಗಿ ರಾಶಿ ಹಾಕಿ ಬೆಂಕಿ ಇಡುತ್ತಾರೆ. ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್ಕಿನಲ್ಲಿರುವ ಕ್ಲೋರಿನ್‌ನಿಂದ ಆ ಬೆಂಕಿಯಲ್ಲಿ ಡಯಾಕ್ಸಿನ್ ಎಂಬ ಕಡು ವಿಷ ಹುಟ್ಟುತ್ತದೆ. ಒಳಗಿನ ತಾಮ್ರವೇ ಈ ಕ್ರಿಯೆಯನ್ನು ಚುರುಕು ಮಾಡುತ್ತದೆ. ಬೋರ್ಡುಗಳನ್ನು ಒಲೆಯ ಮೇಲೆ ಕಾಯಿಸಿ ಬೆಸುಗೆ ಕರಗಿಸುತ್ತಾರೆ. ಹಳೇ ಬೆಸುಗೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸೀಸವೇ ಇರುತ್ತದೆ. ಆಮೇಲೆ ಚಿನ್ನಕ್ಕಾಗಿ ಆಸಿಡ್ಡಿನಲ್ಲಿ ಮುಳುಗಿಸುತ್ತಾರೆ. ಮಿಕ್ಕ ಆಸಿಡ್ ಮೋರಿಗೆ ಹೋಗುತ್ತದೆ. ಒಂದು ಟನ್ ಮೊಬೈಲಿನಲ್ಲಿ ಸುಮಾರು 300 ಗ್ರಾಂ ಚಿನ್ನ ಇರುತ್ತದೆ ಎಂಬ ಅಂದಾಜಿದೆ. ನಮ್ಮ ರಾಯಚೂರಿನ ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ. ಜನ ಯಾಕೆ ಇಷ್ಟು ಅಪಾಯದ ಕೆಲಸಕ್ಕೆ ಇಳಿಯುತ್ತಾರೆ ಎನ್ನುವುದಕ್ಕೆ ಬೇರೆ ಉತ್ತರ ಬೇಕಾಗಿಲ್ಲ.

ಇದರ ಬೆಲೆ ಯಾರು ತೆತ್ತಿದ್ದಾರೆ ಎನ್ನುವುದಕ್ಕೆ ಚೀನಾದ ಗುಯ್ಯು ಪಟ್ಟಣದ ದಾಖಲೆ ಇದೆ. ಒಂದು ಕಾಲದಲ್ಲಿ ಜಗತ್ತಿನ ಅತಿ ದೊಡ್ಡ ಇ-ತ್ಯಾಜ್ಯದ ಊರು ಎಂದು ಹೆಸರಾಗಿದ್ದ ಕಡೆ ಅದು. ಅಲ್ಲಿನ ಒಂದರಿಂದ ಆರು ವರ್ಷದ ಮಕ್ಕಳ ರಕ್ತ ಪರೀಕ್ಷೆಯ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಹತ್ತರಲ್ಲಿ ಎಂಟು ಮಕ್ಕಳಲ್ಲಿ ಸೀಸದ ಪ್ರಮಾಣ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. ಸೀಸದ ವಿಷಯದಲ್ಲಿ ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಬುದ್ಧಿಬೆಳವಣಿಗೆಗೆ ಬಿದ್ದ ಪೆಟ್ಟನ್ನು ಆಮೇಲೆ ಸರಿಪಡಿಸಲು ಆಗುವುದಿಲ್ಲ. ನಮ್ಮ ದೇಶದಲ್ಲಿ ದೆಹಲಿಯ ಸೀಲಂಪುರ, ಮಂಡೋಲಿ, ಉತ್ತರ ಪ್ರದೇಶದ ಮೊರಾದಾಬಾದ್ ಇದೇ ಕಾರಣಕ್ಕೆ ಸುದ್ದಿಯಾದ ಊರುಗಳು. ಪಿತ್ತಳೆ ಪಾತ್ರೆಗೆ ಹೆಸರಾಗಿದ್ದ ಮೊರಾದಾಬಾದಿನಲ್ಲಿ, ರಾಮಗಂಗಾ ನದಿಯ ದಡದಲ್ಲಿ ಸುಟ್ಟ ಬೋರ್ಡುಗಳ ಕಪ್ಪು ಬೂದಿ ರಾಶಿ ಬಿದ್ದು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ದಕ್ಷಿಣದ ಗುಜರಿಯಿಂದ ಹೊರಟ ಬೋರ್ಡೂ ಕೈ ಬದಲಾಯಿಸುತ್ತಾ ಉತ್ತರದ ಇಂತಹ ಊರುಗಳಿಗೆ ಸೇರುವುದುಂಟು. ಹಾಗಾಗಿ ನಮ್ಮ ಬೀದಿಯಲ್ಲಿ ಹೊಗೆ ಕಾಣುತ್ತಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ.

ಫ್ರಿಜ್, ಏಸಿ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಅದಕ್ಕೇ ಇಲ್ಲಿ ಹೇಳುತ್ತೇನೆ. ಗುಜರಿಗೆ ಬಂದ ಏಸಿಯ ತಾಮ್ರದ ಪೈಪನ್ನು ಕತ್ತರಿಸಿದ ಕೂಡಲೇ ಒಳಗಿನ ಅನಿಲ ಬುಸ್ ಎಂದು ಹೊರಗೆ ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಇಲ್ಲದಿರುವುದರಿಂದ ಯಾರಿಗೂ ಗಾಬರಿಯಾಗುವುದಿಲ್ಲ. ಆದರೆ ಹಳೇ ಏಸಿಗಳ ಆರ್-22 ಅನಿಲ ಒಂದು ಕೆಜಿ ಗಾಳಿಗೆ ಸೇರಿದರೆ ಸುಮಾರು 1,800 ಕೆಜಿ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ ಏರಿಸುತ್ತದೆ. ಓಜೋನ್ ಪದರಕ್ಕೂ ಹಾನಿ. ಆ ಅನಿಲವನ್ನು ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರ ಇದೆ. ಗುಜರಿಯವರು ಯಾಕೆ ಕೊಳ್ಳುತ್ತಾರೆ? ಅವರಿಗೆ ತಾಮ್ರಕ್ಕೆ ದುಡ್ಡು ಸಿಗುತ್ತದೆ, ಅನಿಲಕ್ಕೆ ಯಾರೂ ಒಂದು ರೂಪಾಯಿ ಕೊಡುವುದಿಲ್ಲ.

ದುಡ್ಡು ಹೊಸ್ತಿಲವರೆಗೆ ಬರುತ್ತಿಲ್ಲ

ಈಗ ನಿಯಮದ ಕಥೆ. ಭಾರತದ ಮೊದಲ ಇ-ತ್ಯಾಜ್ಯ ನಿಯಮಗಳು 2011ರಲ್ಲಿ ಬಂದು 2012ರ ಮೇ ತಿಂಗಳಲ್ಲಿ ಜಾರಿಯಾದವು. 2016ರಲ್ಲಿ ಬದಲಾದವು. ಮತ್ತೆ 2022ರ ನವೆಂಬರಿನಲ್ಲಿ ಹೊಸದಾಗಿ ಬರೆದು 2023ರ ಏಪ್ರಿಲ್ 1ರಿಂದ ಜಾರಿ ಮಾಡಿದರು. ಮೂರರ ಹಿಂದೆಯೂ ಇರುವುದು ಒಂದೇ ತತ್ವ: ವಸ್ತು ಮಾರಿದ ಕಂಪನಿಯೇ ಅದರ ಕೊನೆಗಾಲದ ಹೊಣೆ ಹೊರಬೇಕು. ತತ್ವ ಸರಿಯಾಗಿದೆ. ಲಾಭ ಮಾಡಿಕೊಂಡವರು ಖರ್ಚನ್ನೂ ಹೊರುವುದು ನ್ಯಾಯ.

2016ರ ನಿಯಮದಲ್ಲಿ ಕಂಪನಿಗಳು ಸಂಗ್ರಹ ಕೇಂದ್ರ ತೆರೆಯಬೇಕು, ಟೋಲ್ ಫ್ರೀ ನಂಬರ್ ಕೊಡಬೇಕು ಎಂದಿತ್ತು. ಕೇಂದ್ರಗಳು ಕಾಗದದ ಮೇಲೆ ಬಹಳ ಇದ್ದವು. ಇದ್ದ ಕೆಲವು ನಿಜವಾದ ಕೇಂದ್ರಗಳಿಗೆ ಹೋಗಲು ಆಟೋ ಖರ್ಚೇ ವಸ್ತುವಿನ ಬೆಲೆಗಿಂತ ಜಾಸ್ತಿ. 2022ರ ನಿಯಮ ಈ ಗೋಜೇ ಬೇಡ ಎಂದು ದಾರಿ ಬದಲಿಸಿತು. ಈಗ ಕಂಪನಿ ಸ್ವತಃ ಏನೂ ಸಂಗ್ರಹಿಸಬೇಕಾಗಿಲ್ಲ. ನೋಂದಾಯಿತ ರೀಸೈಕ್ಲರ್ ಮರುಬಳಕೆ ಮಾಡಿದ್ದಕ್ಕೆ ಸರ್ಕಾರದ ಪೋರ್ಟಲ್‌ನಲ್ಲಿ ಪ್ರಮಾಣಪತ್ರ ಹುಟ್ಟುತ್ತದೆ, ಕಂಪನಿ ಅದನ್ನು ಕೊಂಡರೆ ಸಾಕು. 2023-24ರಿಂದ ಎರಡು ವರ್ಷ 60% ಗುರಿ, ಆಮೇಲೆ 70%, 2027-28ರಿಂದ 80%.

ಕಾಗದದ ಮೇಲೆ ಚೆನ್ನಾಗಿದೆ ಅಲ್ವಾ? ಆದರೆ ಒಂದು ಮನೆಯ ಕಡೆಯಿಂದ ನೋಡಿ. ಈ ನಿಯಮದಲ್ಲಿ ನೋಂದಣಿ ಇರುವುದು ನಾಲ್ವರಿಗೆ: ತಯಾರಕರು (ವಸ್ತು ಮಾಡುವವರು), ಉತ್ಪಾದಕರು (ಅದನ್ನು ತಮ್ಮ ಬ್ರ್ಯಾಂಡಿನಲ್ಲಿ ಮಾರುವವರು), ರಿಪೇರಿ ಮಾಡಿ ಮರುಮಾರುವವರು, ರೀಸೈಕ್ಲರ್‌ಗಳು. ಸಂಗ್ರಹಿಸುವವರಿಗೆ ಜಾಗ ಇಲ್ಲ. ಬಿಚ್ಚುವವರಿಗೂ ಇಲ್ಲ, ಮೊದಲು ಇದ್ದದ್ದನ್ನು ತೆಗೆದುಹಾಕಿದ್ದಾರೆ. ಗ್ರಾಹಕರಲ್ಲಿ ಹೊಣೆ ಇರುವುದು ವರ್ಷದಲ್ಲಿ ಕನಿಷ್ಠ ಸಾವಿರ ಉಪಕರಣ ಬಳಸುವ ದೊಡ್ಡ ಸಂಸ್ಥೆಗಳಿಗೆ ಮಾತ್ರ. ನಮ್ಮ ನಿಮ್ಮ ಮನೆ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ.

ಪ್ರಮಾಣಪತ್ರದ ಲೆಕ್ಕ ಹಾಕುವ ಕ್ರಮದಲ್ಲಿ ಇನ್ನೂ ದೊಡ್ಡ ಸಮಸ್ಯೆ ಇದೆ. ರೀಸೈಕ್ಲರ್ ಎಷ್ಟು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ತೆಗೆದರು ಎನ್ನುವುದರ ಮೇಲೆ ಅದು ನಿಂತಿದೆ. ಈ ನಾಲ್ಕು ಲೋಹಗಳಿಗೆ ಮಾರುಕಟ್ಟೆಯಲ್ಲಿ ಮೊದಲೇ ಬೆಲೆ ಇದೆ, ಗುಜರಿಯವರೂ ಇವನ್ನೇ ಹುಡುಕುವುದು. ಪಿಕ್ಚರ್ ಟ್ಯೂಬಿನ ಸೀಸದ ಗಾಜು, ಟ್ಯೂಬ್‌ಲೈಟಿನ ಪಾದರಸ, ಬೆಂಕಿ ತಡೆಯಲು ಬ್ರೋಮಿನ್ ಸೇರಿಸಿದ ಪ್ಲಾಸ್ಟಿಕ್, ಏಸಿಯ ಅನಿಲ, ಇವು ಯಾವುದನ್ನು ಸರಿಯಾಗಿ ನಿಭಾಯಿಸಿದರೂ ಪ್ರಮಾಣಪತ್ರ ಒಂದು ಗ್ರಾಂ ಜಾಸ್ತಿ ಆಗುವುದಿಲ್ಲ. ಯಾವುದು ಜನರ ಆರೋಗ್ಯ ಕೆಡಿಸುತ್ತದೋ ಅದಕ್ಕೇ ಬೆಲೆ ಕಟ್ಟಿಲ್ಲ. ಟ್ಯೂಬ್‌ಲೈಟ್ 106ರ ಪಟ್ಟಿಯಲ್ಲಿ ಇದೆ ನಿಜ. ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಯಾರಾದರೂ ನಿಮ್ಮ ಮನೆಗೆ ಬಂದು ಕೆಟ್ಟ ಟ್ಯೂಬ್‌ಲೈಟ್ ಕೇಳಿದ್ದಾರಾ?

ಪ್ರಮಾಣಪತ್ರದ ವ್ಯವಸ್ಥೆಗೆ ಮೋಸದ ಭಯವೂ ಇದೆ. ಇದೇ ಮಾದರಿಯಲ್ಲಿ ನಡೆಯುವ ಪ್ಲಾಸ್ಟಿಕ್ ತ್ಯಾಜ್ಯದ ಪೋರ್ಟಲ್‌ನಲ್ಲಿ ಕೆಲವೇ ಘಟಕಗಳು 6 ಲಕ್ಷಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರ ಸೃಷ್ಟಿಸಿದ್ದನ್ನು ಕೇಂದ್ರ ಮಂಡಳಿಯೇ 2023ರಲ್ಲಿ ಪತ್ತೆ ಮಾಡಿತ್ತು.

ಇದರ ಮಧ್ಯೆ 22 ರೂಪಾಯಿಯ ಜಗಳ ಶುರುವಾಯಿತು. ಪ್ರಮಾಣಪತ್ರಗಳು ತೀರಾ ಅಗ್ಗಕ್ಕೆ ಮಾರಾಟವಾಗುತ್ತಿದ್ದವು. ಅಷ್ಟು ಕಡಿಮೆ ದುಡ್ಡಿನಲ್ಲಿ ಯಾರೂ ನೆಟ್ಟಗೆ ಮರುಬಳಕೆ ಮಾಡಲಾರರು ಎಂದು ಸರ್ಕಾರ 2024ರಲ್ಲಿ ಕನಿಷ್ಠ ದರ ತಂದಿತು. ಮನೆಬಳಕೆಯ ಎಲೆಕ್ಟ್ರಾನಿಕ್ಸ್‌ಗೆ ಕೆಜಿಗೆ 22 ರೂಪಾಯಿ, ಸ್ಮಾರ್ಟ್‌ಫೋನಿಗೆ 34. ಈ ದರ ನಾವು ಈಗ ಕೊಡುತ್ತಿರುವುದಕ್ಕಿಂತ ಹಲವು ಪಟ್ಟು ಜಾಸ್ತಿ, ದರ ನಿಗದಿ ಮಾಡುವುದು ಸರ್ಕಾರದ ಕೆಲಸವಲ್ಲ, ಮಾರುಕಟ್ಟೆಗೆ ಬಿಡಿ ಎಂದು ಡೈಕಿನ್, ಎಲ್‌ಜಿ, ಸ್ಯಾಮ್‌ಸಂಗ್, ವೋಲ್ಟಾಸ್‌ನಂತಹ ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು. ಈ ಜಗಳದಲ್ಲಿ ನಾನು ಸರ್ಕಾರದ ಪರ. ನಲವತ್ತು ಸಾವಿರದ ಏಸಿಯ ತೂಕ ಎಷ್ಟೇ ಇರಲಿ, ಕೆಜಿಗೆ 22 ರೂಪಾಯಿಯ ಲೆಕ್ಕದಲ್ಲಿ ಅದು ಬೆಲೆಯ ಸಣ್ಣ ಚೂರು. ಆದರೆ ಸರ್ಕಾರ ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ. ಈ 22 ರೂಪಾಯಿ ಹೋಗುವುದು ರೀಸೈಕ್ಲರ್ ಕೈಗೆ. ಅಲ್ಲಿಂದ ದೊಡ್ಡ ಗುಜರಿ ವ್ಯಾಪಾರಿಗೆ, ಚಿಕ್ಕ ಅಂಗಡಿಗೆ, ತಳ್ಳುಗಾಡಿಯವರಿಗೆ, ಕೊನೆಗೆ ಮನೆಯ ಹೊಸ್ತಿಲಿಗೆ ಎಷ್ಟು ಇಳಿದು ಬರುತ್ತದೆ? ಇಷ್ಟು ಬರಲೇಬೇಕು ಎಂದು ಎಲ್ಲೂ ಬರೆದಿಲ್ಲ.

ಬೆಂಗಳೂರಿಗೆ ಮುಂಚೆಯೇ ಗೊತ್ತಿತ್ತು

ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕ ಎಂದು ಹೆಸರಾದ ಇ-ಪರಿಸರ 2005ರಲ್ಲಿ ಶುರುವಾದದ್ದು ನಮ್ಮ ದಾಬಸ್‌ಪೇಟೆಯಲ್ಲಿ. ಮೊದಲ ನಿಯಮ ಜಾರಿಗೆ ಬರುವುದಕ್ಕೆ ಏಳು ವರ್ಷ ಮುಂಚೆ. ಐಟಿ ಕಂಪನಿಗಳು ಹಳೇ ಕಂಪ್ಯೂಟರುಗಳನ್ನು ಒಟ್ಟಿಗೆ ಕೊಡುತ್ತಿದ್ದದ್ದರಿಂದ ಇಂತಹ ಘಟಕಗಳಿಗೆ ಮಾಲು ಸಿಕ್ಕಿತು. ಮನೆಗಳಿಂದ ಸಿಗುವುದು ಮಾತ್ರ ಇವತ್ತಿಗೂ ಕಷ್ಟ. ಕರ್ನಾಟಕದಲ್ಲಿ ಈಗ ಪರವಾನಗಿ ಇರುವ ಘಟಕಗಳಿಗೆ ಕೊರತೆ ಇಲ್ಲ, ಅವುಗಳ ಬಾಗಿಲಿಗೆ ಬರುವ ಮನೆಯ ಮಾಲಿಗೆ ಕೊರತೆ ಇದೆ.

ಇನ್ನೊಂದು ವಿಷಯದಲ್ಲೂ ಬೆಂಗಳೂರು ದಾರಿ ತೋರಿಸಿದೆ. ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು. ಹಸಿರು ದಳದಂತಹ ಸಂಘಟನೆಗಳ ಜೊತೆ ಸೇರಿ ಅವರಲ್ಲಿ ಅನೇಕರು ವಾರ್ಡ್ ಮಟ್ಟದ ಒಣ ತ್ಯಾಜ್ಯ ಕೇಂದ್ರಗಳನ್ನು ನಡೆಸಿದರು. ನಿನ್ನೆಯವರೆಗೆ ಪೊಲೀಸರಿಗೆ ಹೆದರುತ್ತಿದ್ದವರು ಕೇಂದ್ರದ ಮೇಲ್ವಿಚಾರಕರಾದರು. ಪೇಪರು, ಪ್ಲಾಸ್ಟಿಕ್ಕಿಗೆ ಆದದ್ದು ಎಲೆಕ್ಟ್ರಾನಿಕ್ಸ್‌ಗೆ ಯಾಕೆ ಆಗಬಾರದು? ವಾರ್ಡಿನ ಗುಜರಿ ಅಂಗಡಿಗೆ ಸಂಗ್ರಹ ಕೇಂದ್ರ ಎಂದು ನೋಂದಣಿ ಕೊಡಿ. ಸುಡುವಂತಿಲ್ಲ, ಆಸಿಡ್ ಮುಟ್ಟುವಂತಿಲ್ಲ, ಬೋರ್ಡು ಮತ್ತು ವೈರು ಇಡಿಯಾಗಿ ನೋಂದಾಯಿತ ರೀಸೈಕ್ಲರಿಗೇ ಹೋಗಬೇಕು ಎಂದು ಷರತ್ತು ಹಾಕಿ. ಅದಕ್ಕೆ ಬದಲಾಗಿ ಸುಡುವವನು ಕೊಡುವ ದರಕ್ಕಿಂತ ನಾಲ್ಕು ಕಾಸು ಜಾಸ್ತಿ ದರ ಕೊಡಿಸಿ. 22 ರೂಪಾಯಿಯ ಒಂದು ಪಾಲು ಇಲ್ಲಿಗೆ ಬರಬೇಕು.

ದರ ಕೊಡದೆ ಬರೀ ಓಡಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಘಾನಾ ಸಾಕ್ಷಿ. ರಾಜಧಾನಿ ಅಕ್ರಾದ ಅಗ್‌ಬೊಗ್ಬ್ಲೋಶಿಯ ಗುಜರಿ ಮಾರುಕಟ್ಟೆಯನ್ನು 2021ರ ಜುಲೈನಲ್ಲಿ ಬುಲ್ಡೋಜರ್ ತಂದು ಕೆಡವಿದರು. ಸುಡುವುದು ನಿಲ್ಲಲಿಲ್ಲ. ಕೆಲಸದವರು ಸುತ್ತಮುತ್ತ ಚದುರಿಹೋದರು. ಒಂದೇ ಕಡೆ ಇದ್ದಾಗ ಅವರೊಂದಿಗೆ ಮಾತಾಡುವುದಾದರೂ ಸುಲಭವಿತ್ತು. ಅದಕ್ಕೂ ಮುಂಚೆ ಅಲ್ಲಿ ಕೇಬಲ್ ಸುಲಿಯುವ ಯಂತ್ರಗಳನ್ನು ಕೊಟ್ಟು ನೋಡಿದ್ದರು. ದಪ್ಪ ಕೇಬಲ್‌ಗೆ ಅವು ಉಪಯೋಗವಾದವು, ತೆಳ್ಳನೆ ವೈರನ್ನು ಸುಡುವುದು ಮುಂದುವರಿಯಿತು. ಯಂತ್ರ ಒಂದೇ ಸಾಲದು, ಸುಡದೇ ತಂದ ವೈರಿಗೆ ಜಾಸ್ತಿ ಬೆಲೆಯೂ ಸಿಗಬೇಕು ಎನ್ನುವ ಪಾಠ ಅಲ್ಲಿಂದ ಬಂತು. ಘಾನಾ 2016ರಲ್ಲೇ ಮಾಡಿದ ಕಾನೂನಿನಲ್ಲಿ ಆಮದಾಗುವ ಎಲೆಕ್ಟ್ರಾನಿಕ್ ವಸ್ತುಗಳ ಮೇಲೆ ಶುಲ್ಕ ಹಾಕಿ ಇದಕ್ಕೆ ಹಣ ಹೊಂದಿಸುವ ದಾರಿ ಇದೆ. ಆ ದೇಶದ ಈ ಯೋಚನೆಯನ್ನು ನಾವು ಗಂಭೀರವಾಗಿ ತಗೊಳ್ಳಬೇಕು.

ಬೆಲೆ ಇಲ್ಲದ್ದಕ್ಕೆ ಬೆಲೆ ಕಟ್ಟುವುದು

ಗುಜರಿಯವರೂ ಬೇಡ ಎನ್ನುವ ವಸ್ತುಗಳೇ ಮನೆಯಲ್ಲಿ ನಿಜವಾದ ತಲೆನೋವು. ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟ್, ರಿಮೋಟ್, ಕಿತ್ತುಹೋದ ಚಾರ್ಜರ್, ಇಯರ್‌ಬಡ್, ಟ್ರಿಮ್ಮರ್, ದೀಪಾವಳಿಯ ಸೀರಿಯಲ್ ಲೈಟು. ಇವು ಕಸದ ಗಾಡಿಗೆ ಹೋಗುತ್ತವೆ. ಒಂದು ಸಿಎಫ್‌ಎಲ್‌ನಲ್ಲಿ ಇರುವುದು ಮೂರರಿಂದ ಐದು ಮಿಲಿಗ್ರಾಂ ಪಾದರಸ ಅಷ್ಟೇ. ಆದರೆ ಅದು ಒಡೆಯುವುದು ಗಾಡಿಯಲ್ಲಿ, ಪೌರಕಾರ್ಮಿಕರ ಮುಖದ ಹತ್ತಿರ. ಇಯರ್‌ಬಡ್ ಒಳಗಿನ ಲಿಥಿಯಂ ಬ್ಯಾಟರಿ ಕಾಂಪ್ಯಾಕ್ಟರ್ ಲಾರಿಯ ಒತ್ತಡಕ್ಕೆ ಸಿಕ್ಕಿದರೆ ಬೆಂಕಿ ಹತ್ತಿಕೊಳ್ಳುತ್ತದೆ.

ಎಲ್‌ಇಡಿ ಬಲ್ಬಿನ ಸರದಿ ಈಗ ಬರುತ್ತಿದೆ. 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಉಜಾಲಾ ಯೋಜನೆಯಲ್ಲೇ 36 ಕೋಟಿಗೂ ಹೆಚ್ಚು ಬಲ್ಬು ಹಂಚಿದ್ದಾರೆ. ಅಂಗಡಿಗಳಲ್ಲಿ ಜನ ಕೊಂಡಿದ್ದು ಬೇರೆ. ಒಂದೊಂದರಲ್ಲೂ ಪುಟ್ಟ ಬೋರ್ಡಿದೆ, ಅಲ್ಯೂಮಿನಿಯಂ ತಟ್ಟೆ ಇದೆ, ಪ್ಲಾಸ್ಟಿಕ್ ಇದೆ. ಎಲ್ಲವನ್ನೂ ಒಂದಕ್ಕೊಂದು ಅಂಟಿಸಿರುವುದರಿಂದ ಬಿಡಿಸುವುದು ಲಾಭದ ಕೆಲಸವಲ್ಲ.

ಆದರೆ ಎಲ್‌ಇಡಿ ಬಲ್ಬಿನಲ್ಲೇ ಒಂದು ದಾರಿಯೂ ಇದೆ. ವಾರಂಟಿ ಒಳಗೆ ಬಲ್ಬು ಹೋದರೆ ಏನು ಮಾಡುತ್ತೇವೆ? ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಹಳೇದು ಕೊಟ್ಟು ಹೊಸದು ತರುತ್ತೇವೆ. ಅಂಗಡಿಯವರು ಕೆಟ್ಟ ಬಲ್ಬುಗಳನ್ನು ಕೌಂಟರಿನ ಕೆಳಗಿನ ರಟ್ಟಿನ ಡಬ್ಬದಲ್ಲಿ ಸೇರಿಸಿಡುತ್ತಾರೆ. ಡಿಸ್ಟ್ರಿಬ್ಯೂಟರ್ ಕಡೆಯವರು ಬಂದಾಗ ಎಣಿಸಿ ಕೊಟ್ಟು ಅಷ್ಟೇ ಹೊಸ ಬಲ್ಬು ಪಡೆಯುತ್ತಾರೆ. ಹಳ್ಳಿಯ ಅಂಗಡಿಯಲ್ಲೂ ಇದು ನಡೆಯುತ್ತದೆ. ಅಂದರೆ ಕೆಟ್ಟ ಬಲ್ಬನ್ನು ಮನೆಯಿಂದ ಕಂಪನಿಯವರೆಗೆ ವಾಪಸ್ ಒಯ್ಯುವ ದಾರಿ ಈಗಲೇ ಇದೆ. ವಾರಂಟಿ ಮುಗಿದ ದಿನ ಆ ದಾರಿ ಮುಚ್ಚಿಹೋಗುತ್ತದೆ ಅಷ್ಟೇ. ವಾರಂಟಿ ಮುಗಿದ ಬಲ್ಬಿಗೂ ಐದು ರೂಪಾಯಿ ಕಡಿತ ಕೊಡಿ ಎಂದು ನಿಯಮ ಮಾಡಿದರೆ ಅದೇ ಡಬ್ಬ, ಅದೇ ಡಿಸ್ಟ್ರಿಬ್ಯೂಟರ್ ಸಾಕು. ಟ್ಯೂಬ್‌ಲೈಟು, ರಿಮೋಟಿಗೂ ಇದನ್ನೇ ಮಾಡಬಹುದು. ಇವುಗಳ ಲೆಕ್ಕವನ್ನು ಕೆಜಿಯಲ್ಲಿ ಹಾಕಬಾರದು, ಪೀಸಿನ ಲೆಕ್ಕದಲ್ಲಿ ಹಾಕಬೇಕು.

ಇನ್ವರ್ಟರ್ ಬ್ಯಾಟರಿಯನ್ನು ನೋಡಿ. ಹಳೇದು ಕೊಡದೆ ಹೊಸದು ಕೊಳ್ಳುವವರು ಎಷ್ಟು ಜನ ಇದ್ದಾರೆ? ಹಳೇ ಬ್ಯಾಟರಿಗೆ ಬಿಲ್ಲಿನಲ್ಲಿ ಸಾವಿರಾರು ರೂಪಾಯಿ ಕಡಿಮೆಯಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಮಾರುವವರು ಹಳೇದನ್ನು ವಾಪಸ್ ತಗೊಳ್ಳಬೇಕು ಎಂಬ ನಿಯಮ 2001ರಲ್ಲೇ ಬಂದಿತ್ತು. ಅಲ್ಲಿಯೂ ಸೀಸವನ್ನು ಕದ್ದುಮುಚ್ಚಿ ಕರಗಿಸುವ ಭಟ್ಟಿಗಳ ಸಮಸ್ಯೆ ಉಳಿದಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮನೆಯಿಂದ ಅಂಗಡಿಗೆ ವಸ್ತು ವಾಪಸ್ ಬರುವ ಅರ್ಧ ದಾರಿ ಸರಿಯಾಗಿ ನಡೆಯುತ್ತಿದೆ. ಜನರಿಗೆ ತಿಳಿವಳಿಕೆ ಇಲ್ಲ ಎನ್ನುವವರು ಬ್ಯಾಟರಿ ಅಂಗಡಿಯಲ್ಲಿ ಒಂದು ಗಂಟೆ ನಿಂತು ನೋಡಲಿ.

ಸ್ವಿಟ್ಜರ್ಲೆಂಡಿನಲ್ಲಿ ಹೊಸ ವಸ್ತು ಕೊಳ್ಳುವಾಗಲೇ ಮರುಬಳಕೆಯ ಶುಲ್ಕ ಬಿಲ್ಲಿನಲ್ಲಿ ಸೇರಿರುತ್ತದೆ. ಹಳೇದನ್ನು ಅಂತಹ ವಸ್ತು ಮಾರುವ ಯಾವ ಅಂಗಡಿಗಾದರೂ ಸುಮ್ನೆ ಕೊಟ್ಟು ಬರಬಹುದು, ವಾಪಸ್ ದುಡ್ಡು ಯಾರೂ ಕೇಳುವುದಿಲ್ಲ. ಇಲ್ಲಿ ಹಾಗೆ ನಡೆಯುವುದಿಲ್ಲ, ನಡೆಯಬೇಕು ಎಂದು ನಿರೀಕ್ಷಿಸುವುದೂ ತಪ್ಪು. ಮನೆ ಕೆಲಸ ಮಾಡಿ ಜೀವನ ಸಾಗಿಸುವವರಿಗೆ ಹಳೇ ಫ್ರಿಜ್‌ಗೆ ಸಿಗುವ ಸಾವಿರ ರೂಪಾಯಿ ದೊಡ್ಡ ದುಡ್ಡು. ಅದನ್ನು ಪರಿಸರಕ್ಕಾಗಿ ಬಿಟ್ಟುಕೊಡಿ ಎಂದು ಅವರಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಕೊಳ್ಳುವಾಗ ಮುಂಗಡವಾಗಿ ತಗೊಂಡು, ವಾಪಸ್ ಕೊಟ್ಟಾಗ ಹಿಂತಿರುಗಿಸುವ ಠೇವಣಿ ಪದ್ಧತಿ ನಮಗೆ ಹೊಂದುತ್ತದೆ. 2016ರ ನಿಯಮದಲ್ಲಿ ಇದಕ್ಕೆ ಅವಕಾಶ ಇತ್ತು. ಬೇಕಾದರೆ ಮಾಡಿ ಎಂದು ಬಿಟ್ಟದ್ದರಿಂದ ಕಂಪನಿಗಳು ಅದರ ಗೋಜಿಗೆ ಹೋಗಲಿಲ್ಲ. ಫೋನು, ಟಿವಿ, ಫ್ರಿಜ್, ಏಸಿ, ಈ ನಾಲ್ಕಕ್ಕಾದರೂ ಅದನ್ನು ಕಡ್ಡಾಯ ಮಾಡಬೇಕು.

ಅಷ್ಟರವರೆಗೆ ಮನೆಯಲ್ಲಿ

ನಿಯಮ ಬದಲಾಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ರಿಪೇರಿ ಆಗುವುದನ್ನು ಮಾಡಿಸಿ, ಅದಕ್ಕಿಂತ ಒಳ್ಳೆಯ ಮರುಬಳಕೆ ಇಲ್ಲ. ಆಗದ್ದನ್ನು ಸಜ್ಜೆಯ ಮೇಲೆ ವರ್ಷಗಟ್ಟಲೆ ಇಡಬೇಡಿ. ಹಳೇ ಫೋನು, ಲ್ಯಾಪ್‌ಟಾಪಿನ ಬ್ಯಾಟರಿ ಸುಮ್ನೆ ಇಟ್ಟಲ್ಲೇ ಊದಿಕೊಳ್ಳುತ್ತದೆ. ಊದಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ. ಮಕ್ಕಳ ಕೈಗೆ ಸಿಗದ ಕಡೆ, ಬೇಗ ಹೊತ್ತಿಕೊಳ್ಳುವ ವಸ್ತುಗಳಿಂದ ದೂರ ಇಡಿ. ಅನೇಕರು ಹಳೇ ಫೋನ್ ಕೊಡದಿರುವುದು ಒಳಗಿನ ಫೋಟೋ, ಬ್ಯಾಂಕಿನ ವಿವರದ ಭಯಕ್ಕೆ. ಭಯ ಸರಿಯಾದದ್ದೇ. ಆನ್ ಆಗುವ ಫೋನಾದರೆ ಅಕೌಂಟ್‌ಗಳಿಂದ ಲಾಗ್‌ಔಟ್ ಮಾಡಿ, ಫ್ಯಾಕ್ಟರಿ ರೀಸೆಟ್ ಕೊಟ್ಟು, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದುಕೊಳ್ಳಿ.

ಕೆಟ್ಟ ಟ್ಯೂಬ್‌ಲೈಟನ್ನು ಅದರ ರಟ್ಟಿನ ಕವರಿನಲ್ಲೇ ಇಟ್ಟು, ಒಣ ಕಸದ ಜೊತೆ ಬೆರೆಸದೆ ಕಸದ ಗಾಡಿಯವರ ಕೈಗೇ ಕೊಡಿ. ಅಪಾರ್ಟ್‌ಮೆಂಟ್ ಆದರೆ ಕೆಲಸ ಇನ್ನೂ ಸುಲಭ. ಒಂದು ಡ್ರಮ್ಮು ಇಟ್ಟು, ತುಂಬಿದಾಗ ನೋಂದಾಯಿತ ರೀಸೈಕ್ಲರನ್ನು ಕರೆದರೆ ಬರುತ್ತಾರೆ. ನೂರು ಮನೆಯ ಮಾಲು ಒಟ್ಟಿಗೆ ಇದ್ದರೆ ಅವರಿಗೂ ವ್ಯಾನಿನ ಖರ್ಚು ಕಟ್ಟುತ್ತದೆ. ಅವರು ಕೊಡುವ ದುಡ್ಡು ಮನೆಕೆಲಸದವರಿಗೋ ಸೆಕ್ಯುರಿಟಿಯವರಿಗೋ ಹೋಗಲಿ. ಬಿಡಿ ಮನೆಯವರು ಗುಜರಿಗೆ ಕೊಡುವುದೇ ಆದರೆ ವಸ್ತುವನ್ನು ಇಡಿಯಾಗಿ ಕೊಡಿ. ವೈರು ಕತ್ತರಿಸಿ, ಮೋಟರ್ ಬಿಚ್ಚಿ ಕೊಟ್ಟರೆ ಉಳಿದದ್ದಕ್ಕೆ ವಾರಸುದಾರರೇ ಇರುವುದಿಲ್ಲ.

ಹೊಸ ಟಿವಿ, ಫ್ರಿಜ್ ಕೊಳ್ಳುವಾಗ ಎಕ್ಸ್‌ಚೇಂಜ್ ಆಫರಿನಲ್ಲಿ ಹಳೇದನ್ನು ಕೊಟ್ಟರೆ ಕೆಲಸ ಮುಗಿಯಿತು ಎಂದು ನಾವು ತಿಳಿಯುತ್ತೇವೆ. ಬಹಳ ಸಲ ಅದೂ ಒಟ್ಟು ಮಾಲಾಗಿ ಮಾರಾಟವಾಗಿ ಅದೇ ಗುಜರಿ ದಾರಿ ಹಿಡಿಯುತ್ತದೆ. ಹಾಗಾಗಿ ಅಂಗಡಿಯಲ್ಲಿ ದುಡ್ಡು ಕೊಡುವ ಮುಂಚೆ, ನಮ್ಮ ಹಳೇ ಫ್ರಿಜ್ ಯಾವ ನೋಂದಾಯಿತ ರೀಸೈಕ್ಲರ್ ಹತ್ತಿರ ಹೋಗುತ್ತದೆ, ಅವರ ಹೆಸರನ್ನು ಬಿಲ್ಲಿನ ಮೇಲೆ ಬರೆದುಕೊಡಿ ಎಂದು ಕೇಳಿ.